ಗಾಡಿಗೆ ದೊಡ್ಡ ಥ್ರಾಟಲ್ ಬಾಡಿ (ಎಂಜಿನ್‌ಗೆ ಹೋಗುವ ಗಾಳಿಯನ್ನು ನಿಯಂತ್ರಿಸುವ ಭಾಗ) ಹಾಕಿಸಿದ ಮೇಲೆ ಐಡಲ್ (ಪೆಡಲ್ ಒತ್ತದಿದ್ದಾಗಿನ ಎಂಜಿನ್ ವೇಗ) ಏರಿಳಿಯುತ್ತಿದೆ. ಟಿಪಿಎಸ್ (ಥ್ರಾಟಲ್ ಎಷ್ಟು ತೆರೆದಿದೆ ಅಂತ ತಿಳಿಸುವ ಸೆನ್ಸರ್) ಬದಲಿಸಬೇಕಾ?

ಈಗಲೇ ಬೇಡ. ಮೊದಲ ಅನುಮಾನ ಗಾಳಿ ಸೋರಿಕೆಯ ಮೇಲಿರಲಿ: ಗ್ಯಾಸ್ಕೆಟ್, ಬ್ರೇಕ್ ಬೂಸ್ಟರ್ ಹೋಸ್, ಪಿಸಿವಿ ಪೈಪ್ (ಕ್ರ್ಯಾಂಕ್‌ಕೇಸ್‌ನ ಹೊಗೆಯನ್ನು ಎಂಜಿನ್‌ಗೆ ಮರಳಿಸುವ ಪೈಪ್). ಎಂಎಎಫ್ ಸೆನ್ಸರ್ (ಒಳಬರುವ ಗಾಳಿ ಅಳೆಯುವುದು) ಇರುವ ಗಾಡಿಯಾದರೆ ಸ್ಕ್ಯಾನರ್‌ನಲ್ಲಿ ಫ್ಯೂಯಲ್ ಟ್ರಿಮ್ (ಇಸಿಯು, ಅಂದರೆ ಎಂಜಿನ್ ಕಂಪ್ಯೂಟರ್, ಇಂಧನವನ್ನು ಎಷ್ಟು ಹೆಚ್ಚು-ಕಡಿಮೆ ಮಾಡುತ್ತಿದೆ ಎಂಬ ಅಂಕಿ) ನೋಡಿ. ಐಡಲ್‌ನಲ್ಲಿ +10% ದಾಟಿದ್ದು, 2,500 ಆರ್‌ಪಿಎಂಗೆ ಏರಿಸಿದಾಗ ಸೊನ್ನೆಯ ಹತ್ತಿರ ಬಂದರೆ ಎಲ್ಲೋ ಗಾಳಿ ಎಳೆಯುತ್ತಿದೆ.

ಸೋರಿಕೆ ಸಿಗದಿದ್ದರೆ ಮಲ್ಟಿಮೀಟರ್ ಕೈಗೆತ್ತಿಕೊಳ್ಳಿ. ಕೇಬಲ್ ಥ್ರಾಟಲ್‌ನ ಟಿಪಿಎಸ್‌ಗೆ ಸಾಮಾನ್ಯವಾಗಿ ಮೂರು ವೈರು: 5 ವೋಲ್ಟ್, ಗ್ರೌಂಡ್, ಸಿಗ್ನಲ್. ಇಗ್ನಿಷನ್ ಆನ್, ಎಂಜಿನ್ ಆಫ್. ಕನೆಕ್ಟರ್ ಬಿಚ್ಚದೆ ಹಿಂದಿನಿಂದ ಪಿನ್ ತೂರಿಸಿ ಸಿಗ್ನಲ್ ಅಳೆಯಿರಿ. ಮುಚ್ಚಿದಾಗ ಸುಮಾರು 0.5, ಪೂರ್ತಿ ತೆರೆದಾಗ 4.5 ವೋಲ್ಟ್ ಆಸುಪಾಸು. ನಿಖರ ಅಂಕಿ ಆಯಾ ಗಾಡಿಯ ಸರ್ವಿಸ್ ಮ್ಯಾನುಯಲ್‌ನಲ್ಲಿರುತ್ತದೆ. ಥ್ರಾಟಲನ್ನು ತೀರಾ ನಿಧಾನವಾಗಿ ತೆರೆಯುತ್ತಾ ಹೋಗಿ. ನಡುವೆ ವೋಲ್ಟೇಜ್ ತಟ್ಟನೆ ಬಿದ್ದೆದ್ದರೆ ಒಳಗಿನ ಟ್ರ್ಯಾಕ್ ಸವೆದಿದೆ, ಆಗ ಹೊಸದು ಹಾಕಿ. (ಇದಕ್ಕೆ ಹಳೆಯ ಮುಳ್ಳಿನ ಮೀಟರೇ ವಾಸಿ, ಕ್ಷಣದ ಕುಸಿತ ಡಿಜಿಟಲ್‌ನಲ್ಲಿ ತಪ್ಪಿಹೋಗುತ್ತದೆ.)

ಮಾಡಿಫೈ ಮಾಡಿದ ಗಾಡಿಗಳಲ್ಲಿ ಬಹಳ ಸಲ ಕಿತಾಪತಿ ಸ್ಟಾಪ್ ಸ್ಕ್ರೂನದು (ಥ್ರಾಟಲ್ ಪ್ಲೇಟ್ ಎಲ್ಲಿವರೆಗೆ ಮುಚ್ಚುತ್ತದೆ ಅಂತ ತಡೆಯುವ ಸ್ಕ್ರೂ). ಐಡಲ್ ಏರಿಸಲು ಅದನ್ನು ತಿರುಗಿಸಿದರೆ ಮುಚ್ಚಿದ ಸ್ಥಿತಿಯ ವೋಲ್ಟೇಜೂ ಏರುತ್ತದೆ. ಕಾಲು ಇನ್ನೂ ಪೆಡಲ್ ಮೇಲಿದೆ ಅಂತ ತಿಳಿದ ಇಸಿಯು ಐಡಲ್ ನಿಯಂತ್ರಣಕ್ಕೇ ಇಳಿಯುವುದಿಲ್ಲ. ಸ್ಕ್ರೂ ಹಿಂದಕ್ಕೆ ತನ್ನಿ, ಟಿಪಿಎಸ್ ಬೋಲ್ಟ್ ಸಡಿಲಿಸಿ ವೋಲ್ಟೇಜ್ ಹೊಂದಿಸಿ, ಐಎಸಿ ವಾಲ್ವ್‌ನ (ಐಡಲ್‌ನಲ್ಲಿ ಗಾಳಿ ನಿಯಂತ್ರಿಸುವ ವಾಲ್ವ್) ಮಸಿ ತೊಳೆಯಿರಿ, ಆಮೇಲೆ ಐಡಲ್ ರೀಲರ್ನ್ ಮಾಡಿ, ಅಂದರೆ ಇಸಿಯುಗೆ ಐಡಲ್ ಮತ್ತೆ ಕಲಿಸಿ.

ಎಲೆಕ್ಟ್ರಾನಿಕ್ ಥ್ರಾಟಲ್ ಆಗಿದ್ದರೆ ಸ್ಕ್ರೂ ಮುಟ್ಟಲೇಬೇಡಿ, ಸ್ಕ್ಯಾನರ್‌ನಲ್ಲೇ ಟಿಪಿಎಸ್‌ನ ಎರಡೂ ಸಿಗ್ನಲ್ ಹೋಲಿಸಿ. ಇಗ್ನಿಷನ್ ಆನ್ ಇರುವಾಗ ಪ್ಲೇಟಿಗೆ ಬೆರಳು ಹಾಕಿದರೆ ಮೋಟರ್ ಅದನ್ನು ಅಮುಕಿಬಿಡುತ್ತದೆ.