ಬ್ಲೌಸ್ ಕಟಿಂಗ್ ಪಾಠದಲ್ಲಿ ಸದ್ದು ಹಿಂದೆ ಬೀಳ್ತಿದೆ ಅಂದೋರಿಗೆ

ಮೇಡಂ, ವಿಡಿಯೋ ಪಾಠದಲ್ಲಿ ಸದ್ದು ಚಿತ್ರಕ್ಕಿಂತ ತಡ ಆಗತ್ತೆ, ಸೈಟ್ ಸರಿಯಿಲ್ಲ ಅಂದ್ರಲ್ಲ. ಅದೇ ಫೈಲನ್ನ ಮತ್ತೆ ಮತ್ತೆ ಅಪ್‌ಲೋಡ್ ಮಾಡಿ ಡೇಟಾ ಯಾಕೆ ಖಾಲಿ ಮಾಡ್ಕೋತೀರ? ಸೈಟಿಂದಲ್ಲ ತೊಂದರೆ, ಫೈಲಿಂದು. ನೀವು ಹಾಕಿರೋ ತುಣುಕು ನೋಡಿದೆ. ಶುರುವಲ್ಲಿ ತುಟಿಗೂ ಮಾತಿಗೂ ಹೊಂದ್ಕೊಂಡಿದೆ. ಕೊನೆಗೆ ತೋಳು ಕತ್ತರಿಸೋವಾಗ ಕತ್ತರಿ ಮುಚ್ಚಿ ಆದ್ಮೇಲೆ 'ಕರಕ್' ಅನ್ನತ್ತೆ. ವೇರಿಯಬಲ್ ಫ್ರೇಮ್ ರೇಟ್ ಕಾಟ ಇದು, ಅಂದ್ರೆ ಸೆಕೆಂಡಿಗೆ ಎಷ್ಟು ಫ್ರೇಮ್ (ಬಿಡಿ ಚಿತ್ರ) ಅನ್ನೋದು ಒಂದೇ ಸಮ ಇರಲ್ಲ. ಸೆಟ್ಟಿಂಗಲ್ಲಿ 30 ಅಂತಿದ್ರೂ ಬೆಳಕು ಸಾಲದಿದ್ರೆ, ಕಾವೇರಿದ್ರೆ ಫೋನು ಫ್ರೇಮ್ ಇಳಿಸತ್ತೆ. ಕೆಲವು ಎಡಿಟರ್ ಸಾಫ್ಟ್‌ವೇರ್‌ಗಳು ಅದನ್ನ ನೋಡದೆ 30 ಅಂತಲೇ ಲೆಕ್ಕ ಹಾಕಿ ಚಿತ್ರನ ಮುಂದಕ್ಕೆ ಓಡಿಸ್ತವೆ.

ಆಡಿಯೋನ ಅರ್ಧ ಸೆಕೆಂಡ್ ಜರುಗಿಸಿ ಅಂತ ಮೇಲೆ ಒಬ್ರು ಬರೆದಿದ್ದಾರಲ್ಲ, ದಯವಿಟ್ಟು ಬೇಡ. ಕೊನೆ ಸರಿಹೋಗತ್ತೆ, ಶುರು ಕೆಡತ್ತೆ. ನಾನೂ ಒಂದು ಕಾಲಕ್ಕೆ ಹಾಗೇ ಜರುಗಿಸ್ತಾ ಕೂತಿದ್ದೆ.

ಪಾಠದ ಶುರುವಿಗೊಂದು, ಕೊನೆಗೊಂದು ಚಪ್ಪಾಳೆ ತಟ್ಟಿ, ಕ್ಯಾಮೆರಾಕ್ಕೆ ಕಾಣೋ ಹಾಗೆ. ಎಡಿಟರ್‌ನಲ್ಲಿ ಅಂಗೈ ಕೂಡೋ ಫ್ರೇಮು, ಕೆಳಗೆ ವೇವ್‌ಫಾರ್ಮ್ (ಸದ್ದಿನ ಅಲೆಗೆರೆ) ಚೂಪಾಗಿ ಎದ್ದಿರೋ ಜಾಗ, ಎರಡನ್ನೂ ನೋಡಿ. ಎರಡು ಕಡೆನೂ ಅಂತರ ಒಂದೇ ಇದ್ರೆ ಮಾತ್ರ ಆಡಿಯೋ ಜರುಗಿಸಿದ್ರೆ ಸಾಕು. ಕೊನೇದು ಹೆಚ್ಚಿದ್ರೆ ಹ್ಯಾಂಡ್‌ಬ್ರೇಕ್ ಅನ್ನೋ ವಿಡಿಯೋ ಪರಿವರ್ತಿಸೋ ಸಾಫ್ಟ್‌ವೇರ್‌ಗೆ ಹಾಕಿ, ಪುಕ್ಕಟೆ ಸಿಗತ್ತೆ. ವಿಡಿಯೋ ಟ್ಯಾಬಲ್ಲಿ ಎಚ್ 264, ಫ್ರೇಮ್‌ರೇಟ್ 30, ಅದರ ಕೆಳಗೆ ಕಾನ್‌ಸ್ಟಂಟ್ (ಒಂದೇ ಸಮ). 'ಪೀಕ್' ಅಂತ ಬಿಟ್ರೆ ಮತ್ತೆ ಅದೇ ಕತೆ. ಆಡಿಯೋ 48 ಕಿಲೋಹರ್ಟ್ಸ್. ಇದನ್ನ ಮಾಡಬೇಕಾದ್ದು ಎಡಿಟಿಂಗ್‌ಗೆ ಮುಂಚೆ, ಕ್ಯಾಮೆರಾದಿಂದ ಬಂದ ಮೂಲ ಫೈಲ್‌ಗೆ. ಎಡಿಟ್ ಆದ ಫೈಲ್‌ಗೆ ಮಾಡಿ 'ಏನೂ ಆಗ್ಲಿಲ್ಲ' ಅಂತ ಬರೀಬೇಡಿ. ಸದ್ದನ್ನ ಬೇರೆ ರೆಕಾರ್ಡರಲ್ಲಿ ಹಿಡಿದಿದ್ರೆ ಮಾತ್ರ ಇದೂ ಸಾಲದು. ಎರಡು ಯಂತ್ರದ ಗಡಿಯಾರ ಒಂದೇ ಸಮ ಓಡಲ್ಲ, ಉದ್ದದ ಪಾಠನ ತುಂಡು ತುಂಡಾಗೇ ಹಿಡೀಬೇಕು.

ಕೆಲವು ವಿದ್ಯಾರ್ಥಿಗಳಿಗೆ ಸದ್ದು ಮಾತ್ರ ಬರತ್ತೆ, ಚಿತ್ರ ಬರಲ್ಲ ಅಂದ್ರಲ್ಲ, ಅದು ಎಚ್‌ಇವಿಸಿ ಇರಬೇಕು, ಹಳೇ ಸಾಧನಗಳಲ್ಲಿ ಕೆಲವು ಓಡಿಸಲಾಗದ ವಿಡಿಯೋ ಫಾರ್ಮ್ಯಾಟ್. ಐಫೋನಲ್ಲಿ ಕ್ಯಾಮೆರಾ ಸೆಟ್ಟಿಂಗ್, ಫಾರ್ಮ್ಯಾಟ್ಸ್, 'ಮೋಸ್ಟ್ ಕಂಪ್ಯಾಟಿಬಲ್'. ಹ್ಯಾಂಡ್‌ಬ್ರೇಕಲ್ಲಿ 'ವೆಬ್ ಆಪ್ಟಿಮೈಸ್ಡ್' ಟಿಕ್ ಮಾಡಿದ್ರೆ ಫೈಲಿನ ಸೂಚಿ ಮುಂದಕ್ಕೆ ಬರತ್ತೆ, ಪೂರ್ತಿ ಇಳಿಯೋಕೆ ಮುಂಚೆನೇ ಓಡೋಕೆ ಶುರು.

ಒಂದೇ ಕಿವೀಲಿ ಕೇಳತ್ತೆ ಅಂದೋರಿಗೆ ಅಡಾಸಿಟಿ ಅನ್ನೋ ಆಡಿಯೋ ಎಡಿಟರಲ್ಲಿ ಸ್ಟೀರಿಯೋ ಟ್ರ್ಯಾಕನ್ನ ಎರಡಾಗಿ ಬಿಡಿಸಿ, ಖಾಲಿ ಇರೋದನ್ನ ಅಳಿಸಿ, ಉಳಿದದ್ದನ್ನ ಮೋನೋ ಮಾಡಿ. ಹೊಸ ಮೈಕ್ ಬೇಕಿಲ್ಲ. ಬೋಯಾ ಬಿವೈ-ಎಮ್1 ಅನ್ನೋ ಕಾಲರ್ ಮೈಕ್ ನಮ್ಮ ಕೆಲಸಕ್ಕೆ ಧಾರಾಳ ಸಾಕು. ಸಾವಿರಾರು ರೂಪಾಯಿಯ ಸ್ಟುಡಿಯೋ ಮೈಕ್ ತಂದು ಸೀಲಿಂಗ್ ಫ್ಯಾನ್ ಕೆಳಗೆ ಇಡೋರಿಗೆ ನಾನೇನೂ ಹೇಳಲ್ಲ. ಬೋಯಾದ ಸ್ವಿಚ್ ಫೋನ್ ಕಡೆಗಿರಲಿ, ಕ್ಯಾಮೆರಾ ಕಡೆ ಬಿಟ್ಟು ಎತ್ತಿಟ್ರೆ ಒಳಗಿನ ಸಣ್ಣ ಸೆಲ್ ಖಾಲಿ.

ಮತ್ತೆ, ಸಿಂಕ್ (ಚಿತ್ರ-ಸದ್ದಿನ ಹೊಂದಾಣಿಕೆ) ನೋಡೋವಾಗ ಬ್ಲೂಟೂತ್ ಇಯರ್‌ಬಡ್ ತೆಗೀರಿ. ಅದರಲ್ಲೇ ಸದ್ದು ತಡ ಆಗಬಹುದು, ಸರಿ ಇರೋ ಫೈಲನ್ನೂ ಕೆಡಿಸ್ಕೋತೀರ.