ಮನೆಯಲ್ಲಿ ಎರಡು ಭಾಷೆ ಇದ್ದರೆ ಮಗುವಿನ ಮಾತು ತಡವಾಗುತ್ತಾ?

ಅಕ್ಕಾ, ಮಗನಿಗೆ 19 ತಿಂಗಳು, ಐದಾರು ಮಾತಷ್ಟೇ ಆಡ್ತಾನೆ, ಅತ್ತೆಯವರದು ಮರಾಠಿ, ನಿಮ್ಮದು ಕನ್ನಡ, ಒಂದು ಭಾಷೆ ಬಿಡಬೇಕಾ ಅಂತ ಕೇಳಿದ್ದೀರಿ. ಬಿಡಬೇಡಿ. ಎರಡು ಭಾಷೆ ಕೇಳಿ ಬೆಳೆಯೋದರಿಂದ ಮಾತು ತಡವಾಗುವುದಿಲ್ಲ. ನಮ್ಮ ಬೆಳಗಾವಿಯಲ್ಲಿ ಎಷ್ಟೋ ಓಣಿಗಳ ಮಕ್ಕಳು ಹಾಗೇ ಬೆಳೆದಿದ್ದಾರೆ ಅಲ್ವಾ?

ಮಾತು ಎಣಿಸುವಾಗ ಎರಡೂ ಭಾಷೆ ಸೇರಿಸಿ ಎಣಿಸಿ. ನನ್ನ ಮಗಳು ಈ ವಯಸ್ಸಿನಲ್ಲಿ ನನ್ನ ಹತ್ತಿರ 'ನೀರು', ಅಜ್ಜಿ ಹತ್ತಿರ 'ಪಾಣಿ' ಅನ್ನುತ್ತಿದ್ದಳು, ಅವು ಎರಡು ಮಾತು. ಅಜ್ಜಿಯ ಸೆರಗು ಜಗ್ಗಿ, ಕಪಾಟಿನ ಮೇಲಿನ ಕುಂದಾ ಡಬ್ಬಿಗೆ ಬೆರಳು ತೋರಿಸಿ, 'ದೇ' ಅಂತ ಅವರ ಮುಖ ನೋಡುತ್ತಿದ್ದಳು. ಆ ಬೆರಳು ತೋರಿಸೋದು ಮಾತಿನಷ್ಟೇ ಮುಖ್ಯ. ನಿಮ್ಮ ಮಗ ತೋರಿಸ್ತಾನಾ? ಕೈಸನ್ನೆ ಮಾಡದೆ ಸುಮ್ನೆ 'ಚೆಂಡು ಕೊಡು' ಅಂದರೆ ಕೊಡ್ತಾನಾ?

ಸಾಮಾನ್ಯವಾಗಿ 18 ತಿಂಗಳಿಗೆ ಅಮ್ಮ, ಅಪ್ಪ ಬಿಟ್ಟು ಮೂರಾದರೂ ಮಾತು ಬರುತ್ತವೆ. 2 ವರ್ಷಕ್ಕೆ 'ಹಾಲು ಬೇಕು' ಥರ ಎರಡು ಮಾತು ಜೋಡಿಸ್ತಾರೆ.

ಬೆರಳು ತೋರಿಸದಿದ್ದರೆ, ಹೆಸರು ಕರೆದಾಗ ತಿರುಗದಿದ್ದರೆ, ಬರುತ್ತಿದ್ದ ಮಾತು ನಿಂತರೆ, 'ಗಂಡುಮಕ್ಕಳು ತಡ' ಅನ್ನೋರ ಮಾತು ಕೇಳಿ ಕಾಯಬೇಡಿ. ಮೊದಲು ಕಿವಿ ಪರೀಕ್ಷೆ ಮಾಡಿಸಿ. ತಟ್ಟೆ ಬಡಿದು ನೋಡಿದರೆ ಸಾಲದು, ದೊಡ್ಡ ಸದ್ದು ಕೇಳುವ ಮಗುವಿಗೂ ಮೆಲ್ಲಗಿನ ಮಾತು ಕೇಳಿಸದೇ ಇರಬಹುದು. ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಇಂಥ ತಪಾಸಣೆ ಉಚಿತ. ಅಂಗನವಾಡಿಗೆ ಬರುವ ಅದರ ವೈದ್ಯರ ತಂಡಕ್ಕೂ ತೋರಿಸಬಹುದು.

ಮತ್ತೆ ಊಟದ ಹೊತ್ತಿಗೆ ಮೊಬೈಲ್ ಕೊಡೋದು ಬಿಡಿ ಅಕ್ಕಾ, ಅಜ್ಜಿ ತುತ್ತು ಮಾಡುತ್ತಾ ಮರಾಠಿಯಲ್ಲೇ ಮಾತಾಡಲಿ.