ಮೂತ್ರಕೋಶದ ಬಯಾಪ್ಸಿಯಲ್ಲಿ ‘ಮ್ಯಾಲಕೋಪ್ಲೇಕಿಯಾ’ ಅಂತ ಬಂದಿದೆ. ಕನ್ನಡದಲ್ಲಿ ಏನರ್ಥ? ಕ್ಯಾನ್ಸರಾ? ಅಮ್ಮನನ್ನು ಬೆಂಗಳೂರಿಗೆ ಕರೆದುಕೊಂಡು ಹೋಗಬೇಕಾ?

ಅಮ್ಮ ಅಂತ ಇರುವಲ್ಲಿ ದೊಡ್ಡಮ್ಮ ಅಂತ ಹಾಕಿದರೆ ಇದು ನಮ್ಮ ಮನೆಯದ್ದೇ ಕಥೆ. ಕ್ಯಾನ್ಸರ್ ಅಲ್ಲ ಮಾರಾಯ್ರೆ. ಅದನ್ನು ಮೊದಲು ಹೇಳಿಬಿಡುತ್ತೇನೆ, ಉಳಿದದ್ದು ನಿಧಾನಕ್ಕೆ ಓದಿ.

ದೊಡ್ಡಮ್ಮನಿಗೆ ಶುಗರ್ ಉಂಟು, ಪದೇ ಪದೇ ಉರಿಮೂತ್ರ. ಬಾರ್ಲಿ ನೀರು, ಎಳನೀರು ಎಲ್ಲ ಆಯಿತು. ಮೂತ್ರದಲ್ಲಿ ರಕ್ತ ಕಂಡ ಮೇಲೆ ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ಕ್ಯಾಮೆರಾ ಹಾಕಿ ನೋಡಿದರು. ಮೂತ್ರಕೋಶದ ಒಳಗೋಡೆಯಲ್ಲಿ ಹಳದಿ-ಕಂದು ಬಣ್ಣದ ಮೆತ್ತಗಿನ ದಡ್ಡುಗಳು. ಚೂರು ತೆಗೆದು ಬಯಾಪ್ಸಿಗೆ ಕಳಿಸಿ, ಆಂಟಿಬಯೋಟಿಕ್ ಬರೆದುಕೊಟ್ಟರು. ವರದಿ ತರಲು ಹೋದದ್ದು ನಾನು. ಡಾಕ್ಟರು ಆಪರೇಷನ್ ಥಿಯೇಟರಿನಲ್ಲಿದ್ದರು, ಕಾಯುವ ತಾಳ್ಮೆ ನನಗಿರಲಿಲ್ಲ. ಪಾರ್ಕಿಂಗ್‌ನಲ್ಲೇ ಲಕೋಟೆ ಒಡೆದೆ.

ಕಣ್ಣು ಹೋದದ್ದು ಶಬ್ದದ ಬಾಲಕ್ಕೆ: ಪ್ಲೇಕಿಯಾ. ನಮ್ಮ ಮನೆಯಲ್ಲಿ ಆ ಬಾಲದ ಇನ್ನೊಂದು ಶಬ್ದ ಎಲ್ಲರಿಗೂ ಬಾಯಿಪಾಠ, ಲ್ಯೂಕೋಪ್ಲೇಕಿಯಾ. ಹೊಗೆಸೊಪ್ಪು ಹಾಕಿ ಎಲೆಅಡಿಕೆ ತಿನ್ನುವವರ ಕೆನ್ನೆಯೊಳಗೆ ಬರುವ ಬಿಳಿ ಮಚ್ಚೆ, ಬಿಟ್ಟರೆ ಕ್ಯಾನ್ಸರಿಗೆ ತಿರುಗಬಹುದು. ಬಾವನಿಗೆ ಬಂದು, ತೆಗೆಸಿ, ಅವರ ಬೀಡವೂ ನಿಂತಿತ್ತು. ಹಾಗಾಗಿ ನನ್ನ ತಲೆ ಮೊದಲ ಅರ್ಧವನ್ನು ಓದಲೇ ಇಲ್ಲ. ಫೋನಿನಲ್ಲಿ ‘ಮೂತ್ರಕೋಶ ಲ್ಯೂಕೋಪ್ಲೇಕಿಯಾ’ ಅಂತ ಹುಡುಕಿದೆ. ಅಲ್ಲೇ ಇದ್ದದ್ದು ಗುಂಡಿ. ಮೂತ್ರಕೋಶಕ್ಕೂ ಲ್ಯೂಕೋಪ್ಲೇಕಿಯಾ ಬರುತ್ತದೆ! ಅಂಥದ್ದೊಂದು ಇಲ್ಲದೇ ಇದ್ದಿದ್ದರೆ ಏನೂ ಸಿಗದೆ ನಾನು ಸ್ಪೆಲ್ಲಿಂಗ್ ಮತ್ತೊಮ್ಮೆ ನೋಡುತ್ತಿದ್ದೆ. ಇದ್ದ ಕಾರಣ ಪುಟಗಟ್ಟಲೆ ಸಿಕ್ಕಿತು, ಓದಿದಷ್ಟೂ ನನಗೆ ಖಾತ್ರಿಯಾಯಿತು. ಅಲ್ಲಿಂದಲೇ ಮನೆಗೆ ಫೋನ್ ಮಾಡಿದೆ.

ದೊಡ್ಡಮ್ಮ ಮಾತ್ರೆ ನಿಲ್ಲಿಸಿದರು. ‘ಕ್ಯಾನ್ಸರಿಗೆ ಎಂತ ಆಂಟಿಬಯೋಟಿಕ್?’ ಅವರ ಲೆಕ್ಕ ಸರಿಯೇ, ಲೆಕ್ಕಕ್ಕೆ ಸಂಖ್ಯೆ ಕೊಟ್ಟವ ನಾನು. ನಾವು ಕ್ಯಾನ್ಸರ್ ಡಾಕ್ಟರ ಅಪಾಯಿಂಟ್‌ಮೆಂಟ್ ಹಿಡಿದುಕೊಂಡು ಕೂತೆವು. ಅಷ್ಟರಲ್ಲಿ ಚಳಿಜ್ವರ. ಒಂದು ಬದಿಯ ಮೂತ್ರನಾಳದ ಬಾಯಿ ದಡ್ಡಿನಿಂದ ಮುಚ್ಚಿ ಕಿಡ್ನಿ ಊದಿಕೊಂಡಿತ್ತು, ಮೂತ್ರ ಇಳಿಯಲು ಸ್ಟೆಂಟ್ ಅನ್ನುವ ಸಣ್ಣ ಕೊಳವೆ ಹಾಕಬೇಕಾಯಿತು. ಆ ಕ್ಯಾನ್ಸರ್ ಡಾಕ್ಟರು ವರದಿ ನೋಡಿ ಕೇಳಿದ್ದು ಒಂದೇ: ‘ಇದರಲ್ಲಿ ಕ್ಯಾನ್ಸರ್ ಎಲ್ಲಿ ಉಂಟು?’

ಆಮೇಲೆ ಬಯಾಪ್ಸಿ ಪರೀಕ್ಷಿಸುವ ಪೆಥಾಲಜಿಯ ಮೇಡಂ ಸ್ಲೈಡ್ ತೋರಿಸಿ ಬಿಡಿಸಿ ಹೇಳಿದರು. ಗ್ರೀಕಿನಲ್ಲಿ ಲ್ಯೂಕೋ ಅಂದರೆ ಬಿಳಿ, ಮ್ಯಾಲಕೋ ಅಂದರೆ ಮೆತ್ತಗಿನದು. ಮೆತ್ತಗಿನ ದಡ್ಡು, ಅಷ್ಟೇ ಅರ್ಥ. 1902ರಲ್ಲಿ ಮಿಖಾಯೆಲಿಸ್ ಮತ್ತು ಗುಟ್ಮನ್ ಅನ್ನುವ ಡಾಕ್ಟರುಗಳು ಇದನ್ನು ವಿವರಿಸಿದರು, ಮರುವರ್ಷ ಫಾನ್ ಹಾನ್ಸೆಮನ್ ಹೆಸರಿಟ್ಟರು. ಹೆಚ್ಚಾಗಿ ಇ. ಕೋಲೈ ಅನ್ನುವ ಬ್ಯಾಕ್ಟೀರಿಯಾದ ಸೋಂಕಿನ ಬೆನ್ನಿಗೆ ಬರುತ್ತದೆ. ನಮ್ಮ ರಕ್ಷಣಾ ಕೋಶಗಳು ಬ್ಯಾಕ್ಟೀರಿಯಾವನ್ನು ನುಂಗುತ್ತವೆ, ಆದರೆ ಅರಗಿಸಿಕೊಳ್ಳಲಾರವು. ಅರಗದೆ ಉಳಿದದ್ದರ ಮೇಲೆ ಸುಣ್ಣದಂಶ, ಕಬ್ಬಿಣದಂಶ ಕೂತು ಗುಂಡಗಿನ ಕಾಳುಗಳಾಗುತ್ತವೆ. ನಾನು ನೋಡಿದ್ದು ಅವನ್ನೇ: ಗುಲಾಬಿ ಕೋಶಗಳ ನಡುವೆ ನೀಲಿ ಚುಕ್ಕೆಗಳು, ಪ್ರತಿಯೊಂದರ ಸುತ್ತ ಒಂದು ಉಂಗುರ. ಮಿಖಾಯೆಲಿಸ್-ಗುಟ್ಮನ್ ಬಾಡಿ ಅನ್ನುವುದು ಇದಕ್ಕೇ. ಶುಗರ್ ಇದ್ದವರು, ಕಿಡ್ನಿ ಕಸಿ ಮಾಡಿಸಿ ರೋಗನಿರೋಧಕ ಶಕ್ತಿ ತಗ್ಗಿಸುವ ಮದ್ದು ತಿನ್ನುವವರು ಜಾಗ್ರತೆ ಇರಬೇಕು. ಮೂತ್ರಕೋಶದಲ್ಲಿ ಗಂಡಸರಿಗಿಂತ ಹೆಂಗಸರಿಗೇ ಜಾಸ್ತಿ.

ಈಗ ನಿಮ್ಮ ಬೆಂಗಳೂರಿನ ಪ್ರಶ್ನೆ. ಪ್ರಶ್ನೆಯೇ ಸರಿ ಇಲ್ಲ ಅಂತ ನನ್ನ ಅಭಿಪ್ರಾಯ. ಸಂಶಯ ಇರುವುದು ವರದಿಯ ಮೇಲೆ, ಶಿರಾಡಿ ಘಾಟಿಯಲ್ಲಿ ಕುಲುಕಿಸುವುದು ಅಮ್ಮನನ್ನಾ? ಸ್ಲೈಡ್ ಮತ್ತು ಬಯಾಪ್ಸಿಯ ಚೂರು ಹುದುಗಿಸಿಟ್ಟ ಮೇಣದ ಬ್ಲಾಕ್ ಆಸ್ಪತ್ರೆಯಲ್ಲಿ ಕೇಳಿ ಪಡೆದು ಇನ್ನೊಬ್ಬ ಪೆಥಾಲಜಿಸ್ಟಿಗೆ ತೋರಿಸಿ. ಮಂಗಳೂರು, ಮಣಿಪಾಲದಲ್ಲಿ ಮೆಡಿಕಲ್ ಕಾಲೇಜುಗಳಿಗೆ ಬರಗಾಲವೇ? ‘ಫಾನ್ ಕೋಸಾ, ಪರ್ಲ್ಸ್ ಸ್ಟೇನ್ ಮಾಡಿದ್ದೀರಾ?’ ಅಂತ ಕೇಳಿ. ಎರಡೂ ಸ್ಲೈಡಿಗೆ ಹಾಕುವ ಬಣ್ಣದ ಪರೀಕ್ಷೆಗಳು, ಮೊದಲನೆಯದು ಸುಣ್ಣದಂಶಕ್ಕೆ, ಎರಡನೆಯದು ಕಬ್ಬಿಣಕ್ಕೆ.

ಮದ್ದು ಆ ರಕ್ಷಣಾ ಕೋಶಗಳ ಒಳಗೆ ಹೊಕ್ಕು ಕೆಲಸ ಮಾಡುವಂಥದ್ದಾಗಬೇಕು. ದೊಡ್ಡಮ್ಮನಿಗೆ ಕೊಟ್ಟದ್ದು ಸಿಪ್ರೋಫ್ಲೊಕ್ಸಾಸಿನ್. ನಿಮ್ಮ ಅಮ್ಮನಿಗೆ ಯಾವುದು ಅಂತ ಮೂತ್ರದ ಕಲ್ಚರ್ (ಯಾವ ಬ್ಯಾಕ್ಟೀರಿಯಾ, ಅದಕ್ಕೆ ಯಾವ ಮದ್ದು ನಾಟುತ್ತದೆ ಅಂತ ತಿಳಿಯುವ ಪರೀಕ್ಷೆ) ನೋಡಿ ಡಾಕ್ಟರೇ ಹೇಳಲಿ. ಸಾಮಾನ್ಯ ಉರಿಮೂತ್ರಕ್ಕಿಂತ ತುಂಬಾ ದೀರ್ಘ ಕೋರ್ಸು, ಉರಿ ನಿಂತಿತು ಅಂತ ಮಧ್ಯೆ ಬಿಡಬೇಡಿ. ಮರುಕಳಿಸುವುದೂ ಉಂಟು, ಹಾಗಾಗಿ ಮತ್ತೆ ಕ್ಯಾಮೆರಾ ಹಾಕಿ ನೋಡಬೇಕು ಅಂದರೆ ಗಾಬರಿ ಬೇಡ, ಮಾಡಿಸಿ. ನೆಂಟರು ಕೇಳಿದರೆ ‘ಮೂತ್ರಕೋಶದಲ್ಲಿ ಹಳೇ ಸೋಂಕಿನ ದಡ್ಡು’ ಅನ್ನಿ. ಇಂಗ್ಲಿಷ್ ಹೆಸರು ಹೇಳಿದಿರೋ, ಅವರು ಫೋನ್ ತೆಗೆಯುತ್ತಾರೆ.